ಡಿಸ್ಕು ದಾಟಿದ ದನಿ

ಆ ಬೆಳಿಗ್ಗೆ ಲಿಫ್ಟಿನಲ್ಲಿ ಎಕ್ಸ್‌ರೇಯವನು ನಕ್ಕ ನಗೆಗೆ ಆಸ್ಪತ್ರೆಯ ಅಷ್ಟೂ ಅಂತಸ್ತುಗಳು ಬುಡಸಮೇತ ಅಲುಗಾಡಿದವು. ಸದ್ದಿಲ್ಲದ ನಗೆ ಅದು, ತುಟಿಯ ಎಡಮೂಲೆಯಲ್ಲಿ ಹುಟ್ಟಿ ಅಲ್ಲೇ ಸತ್ತದ್ದು. ಪಕ್ಕದಲ್ಲಿದ್ದ ನರ್ಸಮ್ಮನಿಗಾಗಲಿ ಗಾಲಿಕುರ್ಚಿಯ ಮುದುಕನಿಗಾಗಲಿ ಅದರ ಗಾಳಿಯೂ ತಾಗಲಿಲ್ಲ. ಅಲುಗಾಡಿದವನು ಕೀಲಿಕೈ ಒಬ್ಬನೇ. "ಸಿಂಹ ಬಂತು, ದಾರಿ ಬಿಡ್ರಪ್ಪ," ಎಂದು ಎಕ್ಸ್‌ರೇಯವನು ಗೋಡೆಗೆ ಒತ್ತಿಕೊಂಡು ನಿಂತ. ಆ ಆಸ್ಪತ್ರೆಯ ಕಂಪ್ಯೂಟರುಗಳನ್ನು ನೋಡಿಕೊಳ್ಳುವವನಿಗೆ ಕೀಲಿಕೈ ಎಂದು ಯಾರು ಹೆಸರಿಟ್ಟರೋ, ಅವನು ಅದನ್ನು ಪದಕದ ಹಾಗೆ ಎದೆಗೆ ಚುಚ್ಚಿಕೊಂಡು ಓಡಾಡುತ್ತಿದ್ದ. ಯಾವ ಫೋಲ್ಡರನ್ನು ಯಾರು ತೆರೆಯಬಹುದು, ಯಾರು ತಿದ್ದಬಹುದು, ಯಾರ ಕಣ್ಣಿಗೆ ಅದು ಬೀಳಲೇಬಾರದು ಎಂಬುದೆಲ್ಲ ಅವನ ಬೆರಳ ತುದಿಯಲ್ಲಿ. ತಾನು ಹಾಕಿದ ಬೀಗ ತೆಗೆಯಬೇಕಾದರೆ ದೇವರೂ ಅರ್ಜಿ ಹಿಡಿದು ನೆಲಮಾಳಿಗೆಯ ಬೆಂಚಿನ ಮೇಲೆ ಕಾಯಬೇಕು ಎಂದು ಅವನು ದೊಡ್ಡ ಡಾಕ್ಟರ ಎದುರಿಗೇ ಹೇಳಿದ್ದುಂಟು. ಸಿಂಹದ ಮಾತೂ ಅವನದೇ. ಕ್ಯಾಂಟೀನಿನ ಮೂಲೆಯ ಮೇಜಿನಲ್ಲಿ, ತಂಗಿಯ ಗಂಡನ ಮನೆಗೆ ತಾನು ಸಿಂಹದ ಹಾಗೆ ನುಗ್ಗಿದ್ದು, ಒಂದೇ ಗುಟುರಿಗೆ ಮನೆಮಂದಿಯ ಬಾಯಿಗೆ ಬೀಗ ಬಿದ್ದದ್ದು, ತಂಗಿಯ ಕೈ ಹಿಡಿದು ನಡುಬೀದಿಯಲ್ಲಿ ಕರೆತಂದದ್ದು. ಹೇಳಿದ ಸಲಕ್ಕೆಲ್ಲ ಆ ಮನೆಯಲ್ಲಿ ಜನ ಹೆಚ್ಚುತ್ತಿದ್ದರು. ಈಚೆಗೆ ಒಬ್ಬ ನಿವೃತ್ತ ಪೈಲ್ವಾನನೂ ಒಂದು ಜೊತೆ ಬೇಟೆನಾಯಿಗಳೂ ಬಂದು ಸೇರಿಕೊಂಡಿದ್ದವು. ಆದರೆ ಇವತ್ತಿನ 'ಸಿಂಹ'ದಲ್ಲಿ ಏನೋ ಹುಳಿ ಇತ್ತು. ಲಿಫ್ಟು ನೆಲಮಾಳಿಗೆಗೆ ಇಳಿಯುವ ಹೊತ್ತಿಗೂ ಅದು ಯಾಕೆ ಎಂದು ಕೀಲಿಕೈಗೆ ಗೊತ್ತಾಗಿರಲಿಲ್ಲ.

ಗೊತ್ತಾಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಯಂತ್ರಗಳು ಗುಂಯ್ಗುಡುವ, ಹೆಣದ ಕೋಣೆಗಿಂತ ಒಂದು ಡಿಗ್ರಿ ಹೆಚ್ಚೇ ತಣ್ಣಗಿದೆಯೆಂದು ಅವನು ಹೇಳಿಕೊಳ್ಳುವ ಆ ಕೋಣೆಯಲ್ಲಿ ಕೂತು ಪರದೆ ಬೆಳಗಿಸಿದಾಗ, ಎಲ್ಲ ಸಿಬ್ಬಂದಿಗೂ ಕಾಣುವ ಹಂಚಿಕೆಯ ಜಾಗದಲ್ಲಿ, ತರಬೇತಿಯ ವಿಡಿಯೋಗಳ ಮತ್ತು ಬೀಳ್ಕೊಡುಗೆಯ ಫೋಟೋಗಳ ನಡುವೆ, 'ಸಮಾಲೋಚನೆ' ಎಂಬ ಫೋಲ್ಡರು ಮದುವೆ ಮನೆಯಲ್ಲಿ ಬಟ್ಟೆಯಿಲ್ಲದೆ ಕೂತವರ ಹಾಗೆ ಕೂತಿತ್ತು. ಎಲ್ಲರೂ 'ಮಾತಿನ ಡಾಕ್ಟರು' ಎನ್ನುವ, ರೋಗಿಗಳ ಮತ್ತು ಸಿಬ್ಬಂದಿಯ ಮನಸ್ಸಿನ ಕಷ್ಟ ಕೇಳುವ ಹೆಂಗಸಿನ ಫೋಲ್ಡರು ಅದು, ಒಳಗಿರುವುದೆಲ್ಲ ಧ್ವನಿಮುದ್ರಿಕೆ. ಅದನ್ನು ತೆರೆಯಲು ಈ ಭೂಮಿಯ ಮೇಲೆ ಅವರೊಬ್ಬರಿಗೇ ಹಕ್ಕಿತ್ತು, ಅವನಿಗಿದ್ದದ್ದು ಮುಚ್ಚಿದ್ದನ್ನು ಮುಚ್ಚಿದ ಹಾಗೇ ಎತ್ತಿಡುವ ಹಕ್ಕು ಮಾತ್ರ. ಈಗ ಅದರ ಬೆನ್ನ ಮೇಲೆ ಬೇರೆಯೇ ಬರಹ: ಎಲ್ಲ ಸಿಬ್ಬಂದಿ ತೆರೆಯಬಹುದು. ಮೊನ್ನೆ ಸಂಜೆ ಹಳೆಯ ಡಿಸ್ಕು ತುಂಬಿ ಉಸಿರು ಕಟ್ಟಿದಾಗ ತಾನು ಅದನ್ನು ಇಲ್ಲಿಗೆ ಸರಿಸಿದ್ದು ನೆನಪಾಯಿತು. ಮೌಸಿನ ಬೆನ್ನೊತ್ತಿ ಎಳೆದು ಬಿಟ್ಟದ್ದು ಅಷ್ಟೇ. ಇನ್ನೊಂದು ಕೈಯಲ್ಲಿ ಫೋನಿತ್ತು, ಯಾರಿಗೋ ತನ್ನ ಜಾಣತನವನ್ನೇ ವಿವರಿಸುತ್ತಿದ್ದ. ಹೊಸ ಡಿಸ್ಕಿಗೆ ಬೇರೆ ಹೆಸರು ಕೊಟ್ಟರೆ ಜನ ದಾರಿ ತಪ್ಪುತ್ತಾರೆಂದು, ಅದನ್ನು ಹಳೆಯ ಡಿಸ್ಕಿನದೇ ಒಂದು ಫೋಲ್ಡರು ಅನ್ನಿಸುವ ಹಾಗೆ ಒಳಗೇ ಕೂರಿಸಿದ್ದ. ಇಂಥ ಕೈಚಳಕ ಮಾಡಿದವನು ಏಳು ಸಮುದ್ರದ ಈಚೆಗೆ ಇನ್ನೊಬ್ಬನಿಲ್ಲ. ಎಲ್ಲರ ಕಣ್ಣಿಗೆ ಮಣ್ಣೆರಚಲು ಮಾಡಿದ್ದು, ಮೊದಲು ಬಿದ್ದದ್ದು ಅವನ ಕಣ್ಣಿಗೇ: ಇರುವುದು ಎರಡು ಡಿಸ್ಕು ಎಂಬುದನ್ನು ತಾನೇ ಮರೆತಿದ್ದ. ಒಂದೇ ಡಿಸ್ಕಿನೊಳಗೆ ಸರಿಸಿದರೆ ಫೋಲ್ಡರು ನಿಜಕ್ಕೂ ಅಲುಗುವುದೇ ಇಲ್ಲ, ವಿಳಾಸ ಮಾತ್ರ ಬದಲಾಗುತ್ತದೆ, ಬೀಗ ಹಾಗೇ ಜೊತೆಯಲ್ಲಿರುತ್ತದೆ. ಡಿಸ್ಕು ದಾಟಿಸಿದರೆ ಹಾಗಲ್ಲ. ಸರಿಸು ಎಂದರೂ ಯಂತ್ರ ಅಲ್ಲಿ ಹೊಸದಾಗಿ ಒಂದನ್ನು ಬರೆದು, ಇಲ್ಲಿಯದನ್ನು ಅಳಿಸುತ್ತದೆ. ಹೊಸದು ಹುಟ್ಟಿದ ಮನೆಯ ರೀತಿನೀತಿಯನ್ನೇ ತೊಡುತ್ತದೆ. ಹಳೆಯ ಬೀಗ ಹಳೆಯದರ ಜೊತೆಗೇ ಅಳಿಸಿಹೋಗುತ್ತದೆ. ಇದನ್ನು ಅವನು ಎಷ್ಟು ಜನಕ್ಕೆ ಪಾಠ ಮಾಡಿದ್ದ! ಬೀಗಸಮೇತ ನಕಲು ಮಾಡುವ ಆಜ್ಞೆಯನ್ನು ಅವನು ನಿದ್ದೆಯಲ್ಲೂ ಬರೆಯಬಲ್ಲ. ನಿನ್ನೆ ಅವನಿಗೆ ರಜೆ. ನಿನ್ನೆ ಇಡೀ ದಿನ ಅದು ತೆರೆದಿತ್ತು.

ಮೊದಲು ಕಣ್ಣ ಮುಂದೆ ಬಂದದ್ದು ತಂಗಿಯಲ್ಲ, ಎಕ್ಸ್‌ರೇಯವನ ತುಟಿ. ಹಾಗೆ ಬಂದದ್ದಕ್ಕೆ ಅವನಿಗೆ ತನ್ನ ಮೇಲೇ ಅಸಹ್ಯವಾಯಿತು. ನಾಲ್ಕನೆಯ ಅಂತಸ್ತಿನ ಲ್ಯಾಬಿನಲ್ಲಿ ರಕ್ತದ ಕೊಳವೆಗಳಿಗೆ ಚೀಟಿ ಅಂಟಿಸುವ ಕೆಲಸವನ್ನು ತಂಗಿಗೆ ಕೊಡಿಸಿದವನು ಅವನೇ, ಮಾತಿನ ಡಾಕ್ಟರ ಬಳಿ ಕಳಿಸಿದವನೂ ಅವನೇ. ಊಟದ ತಟ್ಟೆಯ ಮುಂದೆ ಗಂಟೆಗಟ್ಟಲೆ ಸುಮ್ಮನೆ ಕೂರುತ್ತಿದ್ದಳು, ಅನ್ನ ಒಣಗಿ ಬೆರಳಿಗೆ ಅಂಟಿಕೊಳ್ಳುತ್ತಿತ್ತು. "ಹೋಗಿ ಮಾತಾಡು, ಏನಿದ್ರೂ ಹೇಳ್ಕೊ." "ಯಾರಾದ್ರೂ ಕೇಳಿಸ್ಕೊಂಡ್ರೆ?" "ಲೇ, ಬೀಗ ಹಾಕಿದೋನು ನಾನು ಕಣೇ! ನಾನೇ ಬಂದ್ರೂ ತೆಗೆಯೋಕಾಗಲ್ಲ." ಅದು ಪೂರ್ತಿ ನಿಜವಾಗಿರಲಿಲ್ಲ, ಮನಸ್ಸು ಮಾಡಿದರೆ ಅವನು ಯಾವ ಫೋಲ್ಡರಿನ ಒಡೆತನವನ್ನೂ ಕಿತ್ತುಕೊಳ್ಳಬಲ್ಲ. ಆದರೆ ಯಾವತ್ತೂ ಮಾಡಿರಲಿಲ್ಲ, ಅವನ ಬಡಾಯಿಗಳ ರಾಶಿಯಲ್ಲಿ ಸುಳ್ಳಿಲ್ಲದ ಒಂದೇ ಒಂದು ಕಾಳು ಅದು. ಅವತ್ತು ತಂಗಿ ಅವನ ಮುಖವನ್ನೇ ನೋಡಿದ್ದಳು, ಚಿಕ್ಕವಳಿದ್ದಾಗ ಗೋಡೆಯ ಮೇಲಿಂದ ಹಾರು, ಹಿಡ್ಕೋತೀನಿ ಎಂದಾಗ ನೋಡುತ್ತಿದ್ದ ಹಾಗೆ. ಹಾರಿದ್ದಳು. ಅವನು ಹಿಡಿದಿದ್ದನೋ ಇಲ್ಲವೋ ಈಗ ನೆನಪಿಲ್ಲ; ಮೊಣಕಾಲಿನ ಗಾಯ ಮಾತ್ರ ನೆನಪಿದೆ. ಅವನು ಬೀಗ ಸರಿಪಡಿಸಲೆಂದು ಕೈ ಚಾಚುವಷ್ಟರಲ್ಲಿ ಬಾಗಿಲು ತಳ್ಳಿಕೊಂಡು ಮಾತಿನ ಡಾಕ್ಟರೇ ಒಳಗೆ ಬಂದರು.

"ರಿಸೆಪ್ಷನ್ನವಳು ನನ್ನ ದನಿ ರೇಡಿಯೋದವರ ಥರ ಇದೆ ಅಂದ್ಲು," ಎಂದರು ಅವರು, ನಿಂತೇ. "ನಾನು ಅವಳ ಹತ್ರ ಯಾವತ್ತೂ ಮಾತಾಡಿಲ್ಲ. ಬರೀ ತಲೆ ಆಡಿಸ್ತೀನಿ. ನನ್ನ ದನಿ ಎಲ್ಲಿ ಕೇಳಿದ್ಲು?"

"ವೈರಸ್ ಇರ್ಬೇಕು ಮೇಡಂ, ಈಗ ಎಲ್ಲಾ ಕಡೆ..."

"ವೈರಸ್ಸಾ?"

ಅವರ ಕಣ್ಣು ಪರದೆಯ ಮೇಲಿತ್ತು. ಅವನು ಕುರ್ಚಿಯನ್ನು ಅಡ್ಡ ತಿರುಗಿಸಲು ನೋಡಿದ. ಅದರ ಗಾಲಿ ವೈರಿಗೆ ಸಿಕ್ಕಿಕೊಂಡಿತು. "ಬೇರೆ ಡಿಸ್ಕಿಗೆ ಸರಿಸ್ದೆ. ಅಲ್ಲಿ ಎಲ್ಲರೂ ತೆರೆಯೋ ಹಾಗೆ ಇತ್ತು. ಇದಕ್ಕೂ ಅದೇ ಬಂದ್ಬಿಡ್ತು," ಎಂದ. ತನ್ನ ಬಾಯಿಂದ ಇಷ್ಟು ಚಿಕ್ಕ ವಾಕ್ಯಗಳು ಬಂದದ್ದು ಹುಟ್ಟಿದಂದಿನಿಂದ ಇದೇ ಮೊದಲಿರಬೇಕು.

"ಬಂದ್ಬಿಡ್ತು," ಎಂದರು ಅವರು. "ತಾನಾಗೇ ಬಂತು, ಅಲ್ವಾ? ನೆಂಟರ ಥರ." ಕೂಗಲಿಲ್ಲ. ಕೂಗಿದ್ದರೆ ಚೆನ್ನಾಗಿತ್ತು. ಕೈಯಲ್ಲಿದ್ದ ಕನ್ನಡಕವನ್ನು ಸೆರಗಿನಿಂದ ಒರೆಸಿದರು, ಮತ್ತೆ ಒರೆಸಿದರು. "ಮೊದ್ಲು ಮುಚ್ಚಿ. ಈ ಕ್ಷಣ. ಇದರಲ್ಲಿರೋ ಒಬ್ಬೊಬ್ಬರಿಗೂ ನಾನು ಹೋಗಿ ಹೇಳ್ಬೇಕು. ನಿಮ್ಮ ತಂಗಿಗೆ ಮಾತ್ರ ನೀವೇ ಹೇಳಿ, ಸಂಜೆಯೊಳಗೆ. ನಿಮ್ಮಿಂದಾನೇ ಆಗಿದ್ದು ಅಂತ್ಲೂ ಹೇಳಿ." ಬಾಗಿಲವರೆಗೆ ಹೋಗಿ ತಿರುಗಿದರು. "ಇನ್ನೊಂದು. ನಿಮ್ಮ ತಂಗಿಯ ರೆಕಾರ್ಡಿಂಗನ್ನ ನೀವು ಕೇಳ್ಬೇಡಿ. ಊರೆಲ್ಲ ಕೇಳಿದ್ರೂ ಅವರು ಹೆಂಗೋ ತಡ್ಕೋತಾರೆ, ನೀವು ಕೇಳಿದ್ರೆ ತಡ್ಕೊಳಲ್ಲ. ಇರೋದು ನಿಮ್ಮನೇಲಿ. ಹೋಗೋಕೆ ಬೇರೆ ಜಾಗ ಇಲ್ಲ. ನಾನು ಹೇಳೋದು ಅರ್ಥ ಆಯ್ತಾ?"

"ಛೆ ಛೆ, ನಾನ್ಯಾಕೆ ಕೇಳ್ಲಿ ಮೇಡಂ," ಎಂದ ಅವನು.

ಮುಚ್ಚಲು ಮೌಸಿನ ನಾಲ್ಕು ಒತ್ತು ಸಾಕು. ಅವನ ಬೆರಳು ಒಂದನೆಯದಕ್ಕೆ ಹೋಗಿ ನಿಂತಿತು. ಡಿಸ್ಕು ದಾಟುವಾಗ ಫೈಲುಗಳು ಕೆಡುವುದುಂಟು, ಕೆಟ್ಟಿವೆಯೋ ಇಲ್ಲವೋ ನೋಡುವುದು ಕೆಲಸದ ಭಾಗವೇ, ಯಾವ ಜವಾಬ್ದಾರಿಯುಳ್ಳವನೂ ನೋಡಿಯೇ ನೋಡುತ್ತಾನೆ, ಎಂದು ಒಳಗೆ ಒಬ್ಬ ವಕೀಲ ಎದ್ದು ನಿಂತು ವಾದ ಹೂಡಿದ. ಅಂಥ ವಕೀಲ ಯಾವ ಕೋರ್ಟಿನಲ್ಲೂ ಸೋತವನಲ್ಲ. ಎಕ್ಸ್‌ರೇಯವನು ಯಾಕೆ ನಕ್ಕ? ಇಡೀ ಆಸ್ಪತ್ರೆಗೆ ಗೊತ್ತಿರುವುದು, ತನ್ನ ಬಗ್ಗೆಯೇ ಇರುವುದು, ತನಗೊಬ್ಬನಿಗೇ ಗೊತ್ತಿಲ್ಲದೆ ಮೆಟ್ಟಿಲು ಹತ್ತುವುದು ಹೇಗೆ? ತಂಗಿಯ ಫೈಲಿಗೆ ಅವಳ ಹೆಸರನ್ನೇ ಇಟ್ಟಿದ್ದರು, ಯಾವ ಮರೆಯೂ ಇಲ್ಲದೆ. ಅವನ ಬೀಗದ ಮೇಲೆ ಅಷ್ಟು ನಂಬಿಕೆ. ಅವನು ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡ. ಅವನು ಕೇಳುತ್ತಿದ್ದಷ್ಟು ಹೊತ್ತೂ ಫೋಲ್ಡರು ತೆರೆದೇ ಇತ್ತು, ಮೇಲಿನ ಅಂತಸ್ತುಗಳಲ್ಲಿ ಯಾರ್ಯಾರ ಕಿವಿಯಲ್ಲಿ ಅದೇ ದನಿ ಹರಿಯುತ್ತಿತ್ತೋ, ಅದು ಅವನಿಗೆ ಹೊಳೆಯದೆ ಇರಲಿಲ್ಲ. ಹೊಳೆದೂ ಕೇಳಿದ.

ಮೊದಲು ಕುರ್ಚಿ ಎಳೆದ ಸದ್ದು, ಲೋಟ ಇಟ್ಟ ಸದ್ದು. ಆಮೇಲೆ ತಂಗಿ. ಮನೆಯಲ್ಲಿ ಅವಳಿಗೆ ಇಂಥ ದನಿ ಇರಲಿಲ್ಲ. ಅಲ್ಲಿ ಅವಳು ಉಪ್ಪು ಬೇಕಾ, ಗ್ಯಾಸ್ ಆಫ್ ಮಾಡ್ಲಾ ಎನ್ನುವಷ್ಟೇ ದನಿ ಇಟ್ಟುಕೊಂಡಿದ್ದಳು. ಇದು ಅಗಲವಾದ, ನಡುನಡುವೆ ನಗುವ, ಅವನಿಗಿಂತ ಹತ್ತು ವರ್ಷ ದೊಡ್ಡವಳ ದನಿ. "ಅಣ್ಣ ಕೆಟ್ಟೋನಲ್ಲ ಮೇಡಂ. ತಾನು ಬಂದು ಕರ್ಕೊಂಡು ಹೋದೆ ಅಂತ ಎಲ್ಲರಿಗೂ ಹೇಳ್ತಾನೆ. ಅವನು ಬರ್ಲೇ ಇಲ್ಲ. ಫೋನ್ ಮಾಡ್ದೆ, ಸ್ವಲ್ಪ ಹೊಂದ್ಕೊಂಡು ಹೋಗು ಅಂದ. ಕೈ ಸುಟ್ಟ ದಿನ ಮತ್ತೆ ಮಾಡ್ದೆ, ಮೀಟಿಂಗಲ್ಲಿದೀನಿ ಅಂದ. ಒದ್ದೆ ಟವಲ್ ಸುತ್ಕೊಂಡು ನಾನೇ ಬಸ್ ಹತ್ತಿದೆ. ಈಗ ಅವನು ಆ ಕಥೆ ಹೇಳುವಾಗ, ಮಧ್ಯೆ ಒಂದ್ಸಲ ನನ್ನ ಕಡೆ ನೋಡ್ತಾನೆ. ನಾನು ಹೂಂ ಅಂತೀನಿ. ಅವನ ಮನೇಲಿ ನನ್ನ ಬಾಡಿಗೆ ಅದೇ." ಮಾತಿನ ಡಾಕ್ಟರು ಏನೋ ಕೇಳಿದರು, ನಿಮ್ಮದು ಅಂತ ಅಲ್ಲಿ ಜಾಗ ಇದೆಯಾ ಎಂದಿರಬೇಕು. "ರೂಮಿದೆ. ಚಿಲಕ ಇಲ್ಲ, ಮುರಿದುಹೋಗಿದೆ. ಅವನ ಇಂಟರ್ನೆಟ್ ಡಬ್ಬಿ ಅದೇ ರೂಮಲ್ಲಿರೋದು. ದೀಪ ಮಿಣುಕದೇ ಇದ್ರೆ ಸೀದಾ ಒಳಗೆ ಬರ್ತಾನೆ. ಬಾಗಿಲು ತಟ್ಟಲ್ಲ. ಒಂದ್ಸಲ ಬಟ್ಟೆ ಬದಲಾಯಿಸ್ತಿದ್ದೆ. ಗೋಡೆ ಕಡೆ ತಿರುಗಿ ನಿಂತ್ಕೊಂಡೆ. ಅವನಿಗೆ ಡಬ್ಬಿ ಬಿಟ್ಟು ಬೇರೇನೂ ಕಾಣ್ಲಿಲ್ಲ ಬಿಡಿ. ಅದೂ ಒಂಥರಾ ಪುಣ್ಯ." ಅವನಿಗೆ ಹೇಳಬಹುದಲ್ಲ ಎಂದರು ಡಾಕ್ಟರು. "ಏನಂತ? ಅವನ ಮನೆ." ಆಮೇಲೆ ತಂಗಿ ಗಟ್ಟಿಯಾಗಿ ನಕ್ಕಳು. "ಇಲ್ಲಿ ಮಾತಾಡಬಹುದು ನೋಡಿ. ಇಲ್ಲಿಗೆ ಅವನೇ ಬೀಗ ಹಾಕಿದಾನಂತೆ."

ಅವನು ನಾಲ್ಕು ಒತ್ತು ಒತ್ತಿದ. ಬೀಗ ಬಿತ್ತು. ಎಷ್ಟು ಚೆನ್ನಾಗಿ ಬಿತ್ತೆಂದರೆ ಅದನ್ನು ನೋಡಿ ಅವನ ಕಣ್ಣು ತುಂಬಿಬಂತು. ಇಂಥ ಬೀಗ ಮೂರು ಲೋಕದಲ್ಲೂ ಇರಲಿಕ್ಕಿಲ್ಲ, ಕಾಯಲು ಒಳಗೆ ಏನೂ ಉಳಿಯದ ಮೇಲೆ ಬಿದ್ದ ಬೀಗ. ಬರಲಿಲ್ಲವೇ ತಾನು? ಹೋಗಿದ್ದೆನಲ್ಲ. ಆ ಬೀದಿ, ಆ ಮನೆಯ ನೀಲಿ ಗೇಟು, ಪೈಲ್ವಾನನ ಮೀಸೆ, ನಾಯಿಗಳ ನಾಲಗೆ ಎಲ್ಲ ಕಣ್ಣಿಗೆ ಕಟ್ಟಿದೆ. ಒಂದೊಂದಾಗಿ ಹಿಂದಕ್ಕೆ ತಳ್ಳುತ್ತ ಹೋದ. ನಾಯಿಗಳು ಹೋದವು, ಪೈಲ್ವಾನ ಹೋದ, ಜನ ಹೋದರು, ಗೇಟೂ ಹೋಯಿತು. ಕೊನೆಗೆ ಉಳಿದದ್ದು ತನ್ನದೇ ಮನೆಯ ಬಾಗಿಲು, ಅದರಾಚೆ ಕೈಗೆ ಟವಲು ಸುತ್ತಿಕೊಂಡು ನಿಂತ ತಂಗಿ, ಮತ್ತು ತಾನು ಕೇಳಿದ ಮೊದಲ ಮಾತು. "ಒಬ್ಬಳೇ ಬಂದ್ಯಾ? ಯಾರಾದ್ರೂ ನೋಡಿದ್ರಾ?"

ಹೇಳಿಬಿಡಬೇಕೆಂದು ನಾಲ್ಕನೆಯ ಅಂತಸ್ತಿಗೆ ಹೋದ. ಲ್ಯಾಬಿನ ಗಾಜಿನಾಚೆ ತಂಗಿ ಒಂದು ಕೊಳವೆ ಎತ್ತುವುದು, ಬೆಳಕಿಗೆ ಹಿಡಿಯುವುದು, ಚೀಟಿ ಸುತ್ತುವುದು, ಇಡುವುದು. ಅವಳ ಸುತ್ತ ಒಂದು ವಿಚಿತ್ರ ಮೆದುತನ ಇತ್ತು. ದಿನವೂ ಅವಳನ್ನು ಆ ಕೆಲಸ ಈ ಕೆಲಸ ಎಂದು ಓಡಿಸುವ ದಪ್ಪ ಹೆಂಗಸು ತಾನೇ ಎದ್ದು ಹೋಗಿ ಟ್ರೇ ತಂದಿಟ್ಟಳು, ಬಾಣಂತಿಯ ಎದುರಿಗೆ ಇಡುವ ಹಾಗೆ. ಯಾರೋ ಕಿಟಕಿ ಕಡೆ ತೋರಿಸಿದರು. ಅಷ್ಟೂ ಮುಖಗಳು ಅವನತ್ತ ತಿರುಗಿದವು, ತಂಗಿಯದೊಂದನ್ನು ಬಿಟ್ಟು. ಲಕ್ಷ ಕಣ್ಣುಗಳು ಎಂದು ಅವನಿಗೆ ಅನ್ನಿಸಿತು. ಇದ್ದದ್ದು ನಾಲ್ಕೋ ಐದೋ ಜನ. ಗೋಡೆಯ ಮೇಲಿನ ನೆಟ್‌ವರ್ಕ್ ಸಾಕೆಟ್ಟನ್ನು ಪರೀಕ್ಷಿಸಲು ಬಂದವನ ಹಾಗೆ ಅದನ್ನೊಮ್ಮೆ ಮುಟ್ಟಿ, ತಲೆಯಾಡಿಸಿ, ಮೆಟ್ಟಿಲಿಳಿದ.

ಎಕ್ಸ್‌ರೇ ಕೋಣೆಯ ಕೆಂಪು ದೀಪ ಆರುವವರೆಗೆ ರೋಗಿಗಳ ಸಾಲಿನಲ್ಲೇ ನಿಂತು ಕಾದ. "ಪೆನ್‌ಡ್ರೈವಿಗೆ ಹಾಕ್ಕೊಂಡಿದೀಯಾ?" ಎಂದು ಕೇಳಿದ.

"ಏನನ್ನ? ಓ, ಅದಾ," ಎಂದ ಎಕ್ಸ್‌ರೇಯವನು, ಸೀಸದ ಅಂಗಿ ಬಿಚ್ಚುತ್ತ. "ಹಾಡಿರ್ಬೇಕು ಅಂದ್ಕೊಂಡು ಹಾಕ್ಕೊಂಡೆ. ಹಾಡಲ್ಲ ಅಂತ ಆಮೇಲೆ ಗೊತ್ತಾಯ್ತು."

"ಅಳಿಸ್ಬಿಡು."

"ಅಳಿಸ್ದೆ. ನಿನ್ನೇನೇ ಅಳಿಸ್ದೆ. ನಾನು ಅಂಥೋನಲ್ಲಪ್ಪ." ಮುಖದಲ್ಲಿ ಬೆಳಗಿನ ನಗೆ ಇರಲಿಲ್ಲ, ಅದೇ ಇನ್ನೂ ಕಷ್ಟವಾಯಿತು. "ಆದ್ರೆ ಅಷ್ಟರಲ್ಲೇ ನನ್ನ ಹತ್ರ ಮೂರ್ನಾಲ್ಕು ಜನ ತಗೊಂಡಿದ್ರು. ಅವರು ಯಾರ್ಯಾರಿಗೆ ಕೊಟ್ರೋ. ನೀನೇ ಹೇಳ್ತಿದ್ದೆಯಲ್ಲ, ನಕಲು ಮಾಡ್ಕೊಂಡೋನೇ ಅದರ ಒಡೆಯ ಅಂತ?" ತಂಗಿಯನ್ನು ಅವರವರ ಜೇಬಿನಲ್ಲಿ, ಅವರವರ ಮೇಜಿನ ಡ್ರಾಯರಿನಲ್ಲಿ, ಅವರವರ ಮನೆಯ ನಿಯಮದಂತೆ ಇಟ್ಟುಕೊಂಡಿದ್ದಾರೆ. ಅಲ್ಲಿಗೆಲ್ಲ ಹೋಗಿ ಬೀಗ ಹಾಕಲು ಅವನ ಯಾವ ಅಧಿಕಾರವೂ ನಡೆಯುವುದಿಲ್ಲ. "ಒಂದ್ಮಾತು," ಎಂದ ಎಕ್ಸ್‌ರೇಯವನು, ಅವನು ಹೊರಟಾಗ. "ನಾಯಿಗಳದ್ದು ಚೆನ್ನಾಗಿತ್ತು ಕಣಯ್ಯ. ನಾನು ನಂಬಿದ್ದೆ."

ಸಂಜೆ ಮನೆಗೆ ನಡೆದೇ ಹೋದ. ಬೇಕೆಂದೇ ತಡ ಮಾಡಿದ, ಹಣ್ಣಿನ ಗಾಡಿಯ ಮುಂದೆ ನಿಂತು ಏನನ್ನೂ ಕೊಳ್ಳದೆ ಪ್ರತಿಯೊಂದನ್ನೂ ಮೂಸಿದ. ಹೇಳಬೇಕಾದ್ದನ್ನು ಬಾಯಲ್ಲೇ ಕಟ್ಟಿ ಬಿಚ್ಚಿ ಮತ್ತೆ ಕಟ್ಟಿದ. ತಪ್ಪಾಯಿತು ಎನ್ನುವುದು, ಕೇಳಿಲ್ಲ ಎನ್ನುವುದು. ಕೇಳಿಲ್ಲ ಎಂಬುದೇ ಮುಖ್ಯ, ಅದನ್ನು ಮಾತ್ರ ಗಟ್ಟಿಯಾಗಿ, ಕಣ್ಣಲ್ಲಿ ಕಣ್ಣಿಟ್ಟು ಹೇಳಬೇಕು. ಬದುಕಿನುದ್ದಕ್ಕೂ ಅಷ್ಟೊಂದು ಸುಳ್ಳನ್ನು ಎಣ್ಣೆಯಂತೆ ಜಾರಿಸಿದವನಿಗೆ ಇದೊಂದು ಯಾವ ಲೆಕ್ಕ. ಅವಳು ಉಳಿಯಬೇಕು. ಈ ಮನೆ ಬಿಟ್ಟು ಅವಳು ಎಲ್ಲಿಗೂ ಹೋಗುವ ಹಾಗಾಗಬಾರದು. ಒಳಗೆ ಬಂದಾಗ ಹೆಂಡತಿ ಅಡುಗೆಮನೆಯಲ್ಲಿ ಏನನ್ನೋ ಕುಟ್ಟುತ್ತಿದ್ದಳು. ತಂಗಿಯ ಕೋಣೆಯ ಬಾಗಿಲು ಮುಂದೆ ಮಾಡಿತ್ತು, ಕೆಳಗಿನ ಸಂದಿಯಲ್ಲಿ ಬೆಳಕಿತ್ತು. ಅವನು ಚಪ್ಪಲಿ ಬಿಟ್ಟು, ಕೈಕಾಲು ತೊಳೆದು, ಬಾಗಿಲ ಮುಂದೆ ಬಂದು ನಿಂತು, ಯೋಚಿಸದೆ, ಬೆರಳು ಮಡಿಸಿ ತಟ್ಟಿದ.

"ಯಾರೋ ಬಂದ್ರು," ಎಂದಳು ಹೆಂಡತಿ ಅಡುಗೆಮನೆಯಿಂದ. ಆ ಮನೆಯಲ್ಲಿ ಒಳಗಿನ ಬಾಗಿಲನ್ನು ಯಾರೂ ತಟ್ಟಿದ್ದೇ ಇಲ್ಲ. ಅವಳು ಕೈ ಒರೆಸಿಕೊಳ್ಳುತ್ತ ಅವನ ಹಿಂದಿನಿಂದಲೇ ಹಾದು ಮುಂಬಾಗಿಲಿಗೆ ಹೋದದ್ದು, ಅಗುಳಿ ತೆಗೆದದ್ದು ಕೇಳಿಸಿತು. ಕೋಣೆಯೊಳಗೆ ಏನೋ ಮಡಿಸುತ್ತಿದ್ದ ಸರಬರ ನಿಂತಿತು.

"ಕೇಳಿದೀಯ," ಎಂದಳು ತಂಗಿ ಒಳಗಿನಿಂದ.

"ಏನನ್ನ? ಏನನ್ನೂ ಕೇಳಿಲ್ಲ. ನಾನು ಬಂದಿದ್ದು..."

ಬಾಗಿಲು ತೆರೆಯಿತು. ತಂಗಿ ಅತ್ತಿರಲಿಲ್ಲ. ಒಗೆದ ಬಟ್ಟೆಯ ರಾಶಿಯಿಂದ ಅವನದೇ ಅಂಗಿಯೊಂದು ಅವಳ ತೋಳಿನ ಮೇಲಿತ್ತು, ಅರ್ಧ ಮಡಿಸಿದ್ದು. "ನಾನು ಬಂದಾಗಿನಿಂದ ನೀನು ಈ ಬಾಗಿಲು ತಟ್ಟಿದ್ದು ಇದೇ ಮೊದ್ಲು," ಎಂದಳು. ಮನೆಯ ದನಿಯಲ್ಲ, ಹೆಡ್‌ಫೋನಿನೊಳಗಿನ ದನಿ.

ಅವನು ಡಿಸ್ಕಿನ ಬಗ್ಗೆ ಹೇಳತೊಡಗಿದ. ಒಂದೇ ಡಿಸ್ಕು ಅಂದ್ಕೊಂಡೆ, ಎರಡು ಅಂತ ಮರೆತುಹೋಯ್ತು, ಸರಿಸಿದ್ರೆ ಅಲ್ಲಿಯದೇ ನಿಯಮ ಅಂಟಿಕೊಳ್ಳುತ್ತೆ, ಈಗ ಮುಚ್ಚಿದೀನಿ, ಭದ್ರವಾಗಿ ಮುಚ್ಚಿದೀನಿ. ತಂಗಿ ಅಂಗಿಯ ತೋಳುಗಳನ್ನು ಹಿಂದಕ್ಕೆ ಮಡಿಸುತ್ತ ಪೂರ್ತಿ ಕೇಳಿದಳು, ಆ ಸಿಂಹದ ಕಥೆ ಕೇಳುವಾಗ ಕೇಳುತ್ತಿದ್ದ ಹಾಗೆ. ಅವನು ಅಭ್ಯಾಸಬಲದಿಂದ ನಡುವೆ ಅವಳ ಮುಖ ನೋಡಿದ. ಅವಳು ಹೂಂ ಅನ್ನಲಿಲ್ಲ.

"ನಿನ್ನೇನೇ ಗೊತ್ತಾಯ್ತು ನಂಗೆ," ಎಂದಳು. "ಲ್ಯಾಬಲ್ಲಿ ಎಲ್ಲರೂ ಮೆತ್ತಗೆ ಮಾತಾಡೋಕೆ ಶುರು ಮಾಡಿದ್ರು. ಪರವಾಗಿಲ್ಲ, ಅವರು ಅಲ್ಲಿರೋರು. ನಿನ್ನೆ ರಾತ್ರಿ ಊಟ ಮಾಡುವಾಗ ನಿನ್ನೇ ನೋಡ್ತಿದ್ದೆ. ನಿಂಗೆ ಏನೂ ಗೊತ್ತಿರ್ಲಿಲ್ಲ. ಇವನೊಬ್ಬ ಕೇಳ್ದೇ ಇದ್ರೆ ಸಾಕು, ಹಿಂಗೇ ಇದ್ದುಬಿಡಬಹುದು ಅಂದ್ಕೊಂಡೆ. ಹೂಂ ಅಂದ್ಕೊಂಡು."

"ನಾಳೆ ಚಿಲಕ ಹಾಕಿಸ್ತೀನಿ. ಡಬ್ಬೀನೂ ಹೊರಗೆ ಹಾಕ್ತೀನಿ. ನಾಳೆ ಯಾಕೆ, ಈಗ್ಲೇ..."

"ಬೇಡ. ಇನ್ನು ಮುಚ್ಚೋಕೆ ಏನಿದೆ."

"ಎಲ್ಲಿಗೆ ಹೋಗ್ತೀಯ?"

"ಎಲ್ಲಿಗೆ ಹೋಗ್ಲಿ?" ಎಂದಳು, ನಿಜವಾಗಿಯೂ ಕೇಳುವವಳ ಹಾಗೆ, ಅವನಿಗೆ ಗೊತ್ತಿದ್ದರೆ ಹೇಳಲಿ ಎನ್ನುವ ಹಾಗೆ. ಅಂಗಿಯನ್ನು ಅವನ ಕೈಗಿಟ್ಟು, ಬಾಗಿಲನ್ನು ಗೋಡೆಯವರೆಗೂ ತಳ್ಳಿ, ಅದು ಮತ್ತೆ ಮುಂದಕ್ಕೆ ಬಾರದಂತೆ ಮರದ ಸ್ಟೂಲನ್ನು ಎಳೆದು ಒತ್ತರಿಸಿಟ್ಟಳು. ಆಮೇಲೆ ಮಂಚದ ಮೇಲೆ ಕೂತು, ಇಡೀ ಮನೆಗೆ ಕಾಣುವ ಹಾಗೆ, ಉಳಿದ ಬಟ್ಟೆಗಳನ್ನು ಮಡಿಸತೊಡಗಿದಳು. ಗೋಡೆಯ ಮೇಲೆ ಅವನ ಡಬ್ಬಿಯ ಹಸಿರು ದೀಪಗಳು ಯಾವ ಅಡಚಣೆಯೂ ಇಲ್ಲದೆ ಮಿಣುಕುತ್ತಿದ್ದವು. ಅವನು ಅವಳಿಗೆ ಬಾಗಿಲು ಮುಚ್ಚಿಕೊಡಲೆಂದು ಅದರ ಹಿಡಿಯನ್ನು ಹಿಡಿದು ತನ್ನತ್ತ ಎಳೆದ. ಸ್ಟೂಲು ಕಿರ್ರೆಂದಿತು, ಜರುಗಲಿಲ್ಲ. ತಂಗಿ ತಲೆ ಎತ್ತಲಿಲ್ಲ. ಬಿಟ್ಟುಬಿಟ್ಟ.

ಹೆಂಡತಿ ಮುಂಬಾಗಿಲು ಹಾಕಿಕೊಂಡು ಬಂದಳು. "ಬೀದಿ ತುದೀವರೆಗೂ ನೋಡಿದೆ, ಒಂದು ನರಪಿಳ್ಳೆ ಇಲ್ಲ," ಎಂದಳು. "ಯಾರ್ರೀ ಬಾಗಿಲು ತಟ್ಟಿದ್ದು?"

ಅವನು ಒಂದು ಸುಳ್ಳಿಗಾಗಿ ತಡಕಾಡುತ್ತ ಕೈಯಲ್ಲಿದ್ದ ಅಂಗಿಯನ್ನು ಮಡಿಸತೊಡಗಿದ.

"ಯಾರೂ ಇಲ್ಲ ಅತ್ತಿಗೆ," ಎಂದಳು ತಂಗಿ, ದಿಂಬಿನ ಚೀಲವೊಂದನ್ನು ಕೊಡವುತ್ತ.